ಪಾದ ಬೆಚ್ಚಗಿದ್ದರೆ ಸಾಲದು

ರೋಣ, ನರಗುಂದ, ಗಜೇಂದ್ರಗಡದ ಕಡೆ ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿಯ ಹತ್ತಿರ ಹೋಗುತ್ತದೆ. ಇಂಥ ಸೀಮೆಯಲ್ಲಿ ಸಿಜೇರಿಯನ್ ಮುಗಿಸಿ ಹೊರಬಂದ ಬಾಣಂತಿ ಗಡಗಡ ನಡುಗಿದರೆ ಮನೆಯವರು ಚಳಿಜ್ವರವೆಂದು ಹೆದರುತ್ತಾರೆ, ಇಲ್ಲವೇ ಎ.ಸಿ.ಯನ್ನು ದೂರುತ್ತಾರೆ. ಎ.ಸಿ.ಯ ಪಾಲೂ ಉಂಟು. ಆದರೆ ಮೊದಲ ಗಂಟೆಯಲ್ಲಿ ಮೈಯ ಉಷ್ಣತೆ ಇಳಿಯಲು ಮುಖ್ಯ ಕಾರಣ ಅರಿವಳಿಕೆ. ಅದು ಚರ್ಮದ ರಕ್ತನಾಳಗಳನ್ನು ಸಡಿಲಿಸುತ್ತದೆ. ಎದೆ, ಹೊಟ್ಟೆಯೊಳಗಿನ ಬಿಸಿ ಕೈಕಾಲುಗಳಿಗೆ ಹರಿದುಹೋಗುತ್ತದೆ. ಪೂರ್ಣ ಅರಿವಳಿಕೆಯಲ್ಲಿ ಒಳಗಿನ ಉಷ್ಣತೆ ಹೀಗೆ ಒಂದು, ಒಂದೂವರೆ ಡಿಗ್ರಿ ಕುಸಿಯುವುದುಂಟು. ಬೆನ್ನಿಗೆ ಸೂಜಿ ಕೊಟ್ಟಾಗ ಸೊಂಟದ ಕೆಳಗೆ ನಡುಕವೂ ಹುಟ್ಟುವುದಿಲ್ಲ, ಥಂಡಿಯ ಅರಿವೂ ಮಂಕಾಗುತ್ತದೆ. ಹಾಗಾಗಿ ಪಾದ ಮುಟ್ಟಿ ‘ಬೆಚ್ಚಗಿದೆ’ ಎಂದು ಸಮಾಧಾನಪಡುವುದು ತಪ್ಪು. ಒಳಗಿನಿಂದ ಹೋದ ಬಿಸಿಯೇ ಆ ಪಾದದಲ್ಲಿರುತ್ತದೆ. ಸಿಸ್ಟರ್ ಮತ್ತೆ ಮತ್ತೆ ಥರ್ಮಾಮೀಟರ್ ಇಡುವುದು ಇದಕ್ಕೇ. ನಡುಕಕ್ಕೆ ಸೋಂಕೋ ರಕ್ತ ಕೊಟ್ಟಾಗಿನ ಪ್ರತಿಕ್ರಿಯೆಯೋ ಕಾರಣವಾಗಿರಬಹುದು. ಅಳೆಯದೆ ಯಾವುದೆಂದು ವಿಂಗಡಿಸಲಾಗದು.

‘ಸ್ವಲ್ಪ ಹೊತ್ತು ನಡುಗಿ ಸುಮ್ಮನಾಗುತ್ತಾರೆ, ಅದರಲ್ಲೇನು’ ಎಂಬ ಮಾತಿಗೆ 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ಉತ್ತರ ಕೊಟ್ಟಿತ್ತು. ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯಾದ 200 ರೋಗಿಗಳಲ್ಲಿ, ಮೈ 34.7 ಡಿಗ್ರಿಗೆ ಇಳಿದವರ ಪೈಕಿ ಶೇ. 19 ಮಂದಿಯ ಗಾಯಕ್ಕೆ ಸೋಂಕು ತಗುಲಿತು. ಬೆಚ್ಚಗಿಟ್ಟವರಲ್ಲಿ ಅದು ಶೇ. 6. ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದೂ ನಿಧಾನ. ಈ ವಾದಕ್ಕೆ ಗಟ್ಟಿಯಾದ ಆಕ್ಷೇಪವೂ ಇದೆ. 2022ರಲ್ಲಿ ಐದು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ 35.5 ಡಿಗ್ರಿಯಲ್ಲಿದ್ದವರಿಗೂ 37ರಲ್ಲಿದ್ದವರಿಗೂ ಹೃದಯದ ತೊಂದರೆಯಲ್ಲಾಗಲಿ ಸೋಂಕಿನಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 36ಕ್ಕಿಂತ ಅರ್ಧ ಡಿಗ್ರಿ ಇಳಿದರೆ ಗಾಬರಿ ಬೇಡವೆಂದು ಅದರಿಂದ ಒಪ್ಪೋಣ. ಆದರೆ ಆ ಪ್ರಯೋಗದಲ್ಲಿ ಉಷ್ಣತೆಯನ್ನು ಬಿಡದೆ ಅಳೆದು 35.5ರಲ್ಲಿ ಹಿಡಿದಿಟ್ಟಿದ್ದರು. ಅಳೆಯುವವರೇ ಇಲ್ಲದ ಕಡೆ ಇಳಿತ ಅಲ್ಲಿಗೇ ನಿಲ್ಲುತ್ತದೆಂಬ ಖಾತರಿ ಯಾರು ಕೊಡುತ್ತಾರೆ?

ಇನ್ನು ಮನೆಯಿಂದ ತಂದ ಕೌದಿ. ಅದು ವ್ಯರ್ಥವಲ್ಲ, ಒಂದು ಪದರ ಹೊದಿಕೆ ಚರ್ಮದಿಂದ ಹೋಗುವ ಬಿಸಿಯನ್ನು ಸುಮಾರು ಮೂರನೇ ಒಂದು ಪಾಲು ತಡೆಯುತ್ತದೆ. ಎರಡನೆಯದು, ಮೂರನೆಯದು ಹೊದಿಸಿದರೆ ಲಾಭ ಅಷ್ಟಾಗಿ ಏರದು. ಮೇಲಾಗಿ ಕೌದಿ ಬಿಸಿಯನ್ನು ಕಾಯುತ್ತದೆ, ಹುಟ್ಟಿಸುವುದಿಲ್ಲ. ಬಿಸಿನೀರಿನ ಬಾಟಲಿಯನ್ನಂತೂ ಮರಗಟ್ಟಿದ ಕಾಲಿನ ಹತ್ತಿರ ಇಡಲೇಬಾರದು: ಚರ್ಮ ಸುಟ್ಟರೂ ರೋಗಿಗೆ ತಿಳಿಯುವುದಿಲ್ಲ. ಬಿಸಿಗಾಳಿ ತುಂಬುವ ಹೊದಿಕೆ ತಾಲೂಕು ಆಸ್ಪತ್ರೆಗೆ ದುಬಾರಿ ಎನ್ನಬಹುದು. ಒಪ್ಪುವ ಮಾತೇ, ಆದರೆ ಕೆಲಸ ಅಲ್ಲಿಗೆ ನಿಲ್ಲಬೇಕಿಲ್ಲ. ಬ್ರಿಟನ್ನಿನ ಮಾರ್ಗಸೂಚಿ ವಯಸ್ಕರ ಶಸ್ತ್ರಚಿಕಿತ್ಸೆಗೆ ಹೇಳುವ ಹಲವು ಕ್ರಮಗಳಿಗೆ ಹಣಕ್ಕಿಂತ ಸಿಸ್ಟರ್‌ಗಳ ಕೈ ಹೆಚ್ಚು ಬೇಕು: ಒಳಗೆ ಕರೆದೊಯ್ಯುವ ಮೊದಲೇ ಮೈ ಬೆಚ್ಚಗಿಡುವುದು, ಮೈಮೇಲಿನ ಬಟ್ಟೆ ಸರಿಸಿರುವಷ್ಟು ಹೊತ್ತು ಕೋಣೆಯನ್ನು 21 ಡಿಗ್ರಿಗಿಂತ ತಣ್ಣಗೆ ಬಿಡದಿರುವುದು, ಆಪರೇಷನ್ ಆದಮೇಲೆ 15 ನಿಮಿಷಕ್ಕೊಮ್ಮೆ ಉಷ್ಣತೆ ನೋಡಿ 36 ಮುಟ್ಟಿದ ಮೇಲೆಯೇ ವಾರ್ಡಿಗೆ ಕಳಿಸುವುದು. ಒಬ್ಬರೇ ಸಿಸ್ಟರ್ ಹತ್ತು ಹಾಸಿಗೆ ನೋಡುತ್ತಿದ್ದರೆ 15 ನಿಮಿಷಕ್ಕೊಮ್ಮೆ ಬರುವುದು ಹೇಗೆ? ಆ ಕೊರತೆಯನ್ನು ಕೌದಿ ತುಂಬಲಾರದು.