ಜಾಲ್ಲೊ: ಕಂಡೂ ಕಾಣದವರ ಕಥೆಗಳು

ಇಟಾಲಿಯನ್ ಭಾಷೆಯಲ್ಲಿ ‘ಜಾಲ್ಲೊ’ ಎಂದರೆ ಹಳದಿ ಬಣ್ಣ. ಮಿಲಾನಿನ ಮೊಂಡಡೋರಿ ಪ್ರಕಾಶನ ಸಂಸ್ಥೆಯು 1929ರಲ್ಲಿ ಪತ್ತೇದಾರಿ ಕಾದಂಬರಿಗಳ ಮಾಲೆಯೊಂದನ್ನು ಹಳದಿ ರಕ್ಷಾಪುಟದೊಡನೆ ಆರಂಭಿಸಿತು. ಅದು ಎಷ್ಟು ಜನಪ್ರಿಯವಾಯಿತೆಂದರೆ, ಇಟಲಿಯ ಜನ ಇಂದಿಗೂ ಪತ್ತೇದಾರಿ ಕಥೆಯನ್ನು ‘ಹಳದಿ’ ಎಂದೇ ಕರೆಯುತ್ತಾರೆ. ಹೊರನಾಡುಗಳ ಚಿತ್ರರಸಿಕರು ಮಾತ್ರ ಆ ಹೆಸರನ್ನು 1960 ಮತ್ತು 70ರ ದಶಕಗಳ ಒಂದು ಬಗೆಯ ಇಟಾಲಿಯನ್ ಕೊಲೆಚಿತ್ರಗಳಿಗೆ ಮೀಸಲಿಟ್ಟಿದ್ದಾರೆ. ನಾವು ಇಲ್ಲಿ ಪರಿಶೀಲಿಸಹೊರಟಿರುವುದು ಅವುಗಳನ್ನೇ.

ಕಪ್ಪು ಕೈಗವಸು, ಹೊಳೆಯುವ ಚಾಕು, ಮುಖ ತೋರದ ಕೊಲೆಗಾರ: ಇವು ಹೊರಗುರುತುಗಳು. ಜಾಲ್ಲೊದ ಜೀವಾಳವಿರುವುದು ಕೊಲೆಯನ್ನು ಕಂಡ ಸಾಕ್ಷಿಯಲ್ಲಿ ಎಂದು ನಮಗೆ ತೋರುತ್ತದೆ. ಆ ಸಾಕ್ಷಿ ಅನೇಕ ವೇಳೆ ಪರದೇಶಿ. ಮಾರಿಯೊ ಬಾವಾ 1963ರಲ್ಲಿ ನಿರ್ದೇಶಿಸಿದ ‘ಅತಿಯಾಗಿ ತಿಳಿದಿದ್ದ ಹುಡುಗಿ’ಯಲ್ಲಿ, ಪತ್ತೇದಾರಿ ಕಾದಂಬರಿಗಳ ಹುಚ್ಚಿರುವ ಅಮೆರಿಕದ ತರುಣಿಯೊಬ್ಬಳು ರೋಮ್ ನಗರಕ್ಕೆ ಬಂದ ರಾತ್ರಿಯೇ ಕೊಲೆಯನ್ನು ಕಾಣುತ್ತಾಳೆ, ಅವಳ ಮಾತನ್ನು ಯಾರೂ ನಂಬುವುದಿಲ್ಲ.

ದಾರಿಯೊ ಅರ್ಜೆಂಟೊ ಅವರ ಮೊದಲ ಚಿತ್ರ ‘ಸ್ಫಟಿಕದ ಗರಿಗಳ ಹಕ್ಕಿ’ (1970) ಇದನ್ನು ಇನ್ನಷ್ಟು ಬಿಗಿಗೊಳಿಸಿತು. ಅಲ್ಲಿನ ಅಮೆರಿಕನ್ ಲೇಖಕ ಕಲಾ ಗ್ಯಾಲರಿಯೊಂದರ ಎರಡು ಗಾಜಿನ ಬಾಗಿಲುಗಳ ನಡುವೆ ಸಿಕ್ಕಿಕೊಳ್ಳುತ್ತಾನೆ. ಒಳಗೆ ಇರಿತಕ್ಕೊಳಗಾದ ಹೆಣ್ಣು. ಅವನು ಒಳಗೂ ಹೋಗಲಾರ, ಹೊರಗೂ ಬರಲಾರ. ಆಮೇಲೆ ಪೊಲೀಸ್ ಅಧಿಕಾರಿ ಅವನ ಪಾಸ್‌ಪೋರ್ಟನ್ನೇ ತೆಗೆದಿಟ್ಟುಕೊಳ್ಳುತ್ತಾನೆ. (ನಮ್ಮಂಥ ವಲಸಿಗರಿಗೆ ಚಾಕುವಿಗಿಂತ ಈ ಗಳಿಗೆಯೇ ಹೆಚ್ಚು ನಡುಕ ಹುಟ್ಟಿಸೀತು!) ತಾನು ಕಂಡದ್ದರಲ್ಲಿ ಏನೋ ಸರಿಯಿಲ್ಲವೆಂಬ ಭಾವ ಅವನನ್ನು ಕಾಡುತ್ತದೆ. ಕಣ್ಣು ಸುಳ್ಳು ಹೇಳಿರುವುದಿಲ್ಲ. ಕಂಡದ್ದಕ್ಕೆ ಮನಸ್ಸು ಅವಸರದಿಂದ ಕೊಟ್ಟ ಅರ್ಥವೇ ದಾರಿ ತಪ್ಪಿಸಿರುತ್ತದೆ.

ಇನ್ನು ಬಣ್ಣ ಮತ್ತು ಸಂಗೀತ. ಬಾವಾ ಮೂಲತಃ ಛಾಯಾಗ್ರಾಹಕರು. ಫ್ಯಾಷನ್ ಉಡುಪಿನ ಸಂಸ್ಥೆಯೊಂದರಲ್ಲಿ ನಡೆಯುವ ಅವರ 1964ರ ಚಿತ್ರದಲ್ಲಿ ಕೆಂಪು, ಹಸಿರು, ನೇರಳೆ ಬೆಳಕುಗಳು ರತ್ನಗಳಂತೆ ಹೊಳೆಯುತ್ತವೆ. 1970ರ ಚಿತ್ರಕ್ಕೆ ಎನ್ನಿಯೊ ಮೊರಿಕೋನೆ ಲಾಲಿಹಾಡಿನಂಥ ಮೃದುವಾದ ರಾಗವನ್ನು ಹೊಂದಿಸಿದರು. ಭೀಕರವಾದುದನ್ನು ಹೀಗೆ ಸುಂದರವಾಗಿ ಉಣಬಡಿಸುವುದೇ ಈ ಪ್ರಕಾರದ ಮೋಹ. ಅದರ ಪಾಪವೂ ಹೌದು. ಬಾವಾ ಅವರ ಆ ಚಿತ್ರದಲ್ಲಿ ಒಬ್ಬರಾದ ಮೇಲೊಬ್ಬರು ಸಾಯುವವರು ಹೆಣ್ಣುಮಕ್ಕಳು. ಅವರ ಸಾವಿಗೂ ಒಡವೆ ತೊಡಿಸಿದಂತಿದೆ. ಕಥೆಯ ಎಳೆಗಳು ಸಡಿಲವಾಗಿರುವುದನ್ನು ನಾವು ಕ್ಷಮಿಸಬಹುದು, ಇದನ್ನು ಕ್ಷಮಿಸುವುದು ಅಷ್ಟು ಸುಲಭವಲ್ಲ. ಮಕ್ಕಳೊಡನೆ ಕುಳಿತು ನೋಡುವ ಚಿತ್ರಗಳಂತೂ ಇವಲ್ಲ.

ಒಂದನ್ನೇ ನೋಡುವುದಾದರೆ ಅರ್ಜೆಂಟೊ ಅವರ ‘ಕಡುಗೆಂಪು’ (1975) ಎಂಬುದನ್ನು ನೋಡಬೇಕು. ಅದರ ಬಹುಭಾಗ ಟ್ಯೂರಿನ್ ನಗರದಲ್ಲಿ ಚಿತ್ರಿತವಾಯಿತು. ಕೊಲೆಯ ಸದ್ದಿಗೆ ಓಡಿಬಂದ ಇಂಗ್ಲಿಷ್ ಪಿಯಾನೋ ವಾದಕನು ವರ್ಣಚಿತ್ರಗಳು ತೂಗುವ ಕಾರಿಡಾರನ್ನು ದಾಟುತ್ತಾನೆ. ಅಲ್ಲಿದ್ದ ಚಿತ್ರವೊಂದು ಮಾಯವಾಗಿದೆಯೆಂದು ಆಮೇಲೆ ಅವನಿಗೆ ಅನಿಸುತ್ತದೆ. ಉತ್ತರವನ್ನು ನಾವು ಹೇಳುವುದಿಲ್ಲ. ಆದರೆ ನಿರ್ದೇಶಕರು ಅದನ್ನು ಬಚ್ಚಿಟ್ಟಿಲ್ಲ. ಆ ನಡಿಗೆಯಲ್ಲೇ, ಒಂದು ಕ್ಷಣ, ನಮ್ಮ ಕಣ್ಣೆದುರೇ ಇಟ್ಟಿದ್ದಾರೆ.