ರಿಯೂನಿಯನ್: ನಡೆದು ನೋಡುವ ದ್ವೀಪ

ರಿಯೂನಿಯನ್ ದ್ವೀಪ ಹಿಂದೂ ಮಹಾಸಾಗರದಲ್ಲಿ, ಮಡಗಾಸ್ಕರ್‌ನ ಪೂರ್ವಕ್ಕೆ ಸುಮಾರು 700 ಕಿ.ಮೀ. ದೂರದಲ್ಲಿದೆ. 1946ರಿಂದ ಅದು ಫ್ರಾನ್ಸಿನ ಒಂದು ಆಡಳಿತ ಜಿಲ್ಲೆ. ಹಣ ಯೂರೋ, ಆಡುಮಾತು ಫ್ರೆಂಚ್ ಮತ್ತು ಕ್ರಿಯೋಲ್. ವಿಸ್ತೀರ್ಣ ಸುಮಾರು 2,500 ಚದರ ಕಿ.ಮೀ. ಮಾತ್ರ, ಆದರೆ ನಡುವೆ ನಿಂತಿರುವ ಪಿತೋಂ ದೆ ನೇಜ್ ಶಿಖರದ ಎತ್ತರ 3,070 ಮೀಟರ್. ಹಿಂದೂ ಮಹಾಸಾಗರದ ದ್ವೀಪಗಳಲ್ಲಿ ಇದಕ್ಕಿಂತ ಎತ್ತರದ ಬೆಟ್ಟವಿಲ್ಲ. ಉಷ್ಣವಲಯದ ದ್ವೀಪವೆಂದರೆ ಮರಳು, ತೆಂಗು, ನೀಲಿ ಸಮುದ್ರ ಎಂದುಕೊಂಡು ಬರುವವರಿಗೆ ಇಲ್ಲಿ ಸ್ವಲ್ಪ ನಿರಾಸೆಯಾದೀತು. ಇದು ಬೆಟ್ಟ ಹತ್ತುವವರ ದ್ವೀಪ.

ದ್ವೀಪವನ್ನು ಕಟ್ಟಿದ್ದು ಭೂಗರ್ಭದ ಒಂದು ಬಿಸಿತಾಣ. ಅದರ ಚರಿತ್ರೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕ ಇದೇ ತಾಣದ ಮೇಲೆ ಹಾದು ಹೋಗುತ್ತಿದ್ದಾಗ ಉಕ್ಕಿದ ಲಾವಾವೇ ದಖ್ಖನ್ ಪ್ರಸ್ಥಭೂಮಿಯ ಬಸಾಲ್ಟ್ ಕಲ್ಲು ಎಂಬುದು ಭೂವಿಜ್ಞಾನಿಗಳಲ್ಲಿ ಹೆಚ್ಚು ಮಂದಿ ಒಪ್ಪುವ ವಿವರಣೆ. ವಿಜಯಪುರ, ಕಲಬುರಗಿ, ಬೀದರ್ ಸೀಮೆಯ ಎರೆಮಣ್ಣು ಆ ಕಲ್ಲು ಸವೆದು ಆದದ್ದು. ಫಲಕ ಉತ್ತರಕ್ಕೆ ಸರಿದ ಹಾಗೆ ಬಿಸಿತಾಣದ ಮೇಲೆ ಹೊಸ ನೆಲ ಹುಟ್ಟುತ್ತ ಬಂತು. ಮಾಲ್ಡೀವ್ಸ್‌ನ ತಳ, ಮಾರಿಷಸ್, ಕೊನೆಗೆ ರಿಯೂನಿಯನ್, ಎಲ್ಲವೂ ಅದೇ ಸಾಲಿನವು.

ಆ ಬೆಂಕಿ ಇನ್ನೂ ಆರಿಲ್ಲ. ಆಗ್ನೇಯ ಭಾಗದ ಪಿತೋಂ ದ ಲಾ ಫೂರ್ನೇಸ್ (2,632 ಮೀಟರ್) ಜಗತ್ತಿನ ಅತಿ ಚುರುಕಾದ ಜ್ವಾಲಾಮುಖಿಗಳಲ್ಲಿ ಒಂದು. 17ನೇ ಶತಮಾನದಿಂದ ಈಚೆಗೆ 150ಕ್ಕೂ ಹೆಚ್ಚು ಸಲ ಲಾವಾ ಉಗುಳಿದೆ. ಹಾಗಿದ್ದೂ ಪ್ರವಾಸಿಗರು ಅದರ ನೆತ್ತಿಯವರೆಗೆ ನಡೆದು ಹೋಗಬಲ್ಲರು. ಕಾರಣ, ಇಲ್ಲಿನ ಲಾವಾ ತೆಳು. ಸ್ಫೋಟಿಸುವುದಕ್ಕಿಂತ ಹರಿಯುವುದೇ ಹೆಚ್ಚು. ಅದೂ ಬಹುಪಾಲು ಆಂಕ್ಲೋ ಎಂಬ ಕಡಿದಾದ ಗೋಡೆಗಳ ವಿಶಾಲ ತಗ್ಗಿನ ಒಳಗೇ ಹರಿದು, ಜನರಿಲ್ಲದ ಕಡೆ ಸಮುದ್ರದತ್ತ ಇಳಿಯುತ್ತದೆ. ಒಮ್ಮೊಮ್ಮೆ ಈ ಕ್ರಮ ತಪ್ಪುತ್ತದೆ. 1977ರಲ್ಲಿ ತಗ್ಗಿನ ಹೊರಗೆ ಬಿರುಕು ಬಿಟ್ಟು ಲಾವಾ ಸಾಂತ್ ರೋಜ್ ಪ್ರದೇಶದ ಒಂದು ಹಳ್ಳಿಯ ಮನೆಗಳನ್ನು ನುಂಗಿತು. ಅಲ್ಲಿನ ಚರ್ಚನ್ನು ಎರಡೂ ಕಡೆ ಬಳಸಿ, ಕಟ್ಟಡವನ್ನು ಉಳಿಸಿ ಮುಂದೆ ಹೋಯಿತು. ಆ ಚರ್ಚ್ ಈಗ ಪ್ರವಾಸಿ ತಾಣ. ಆ ಘಟನೆಯ ನಂತರವೇ ಬೂರ್ ಮ್ಯುರಾ ಊರಿನಲ್ಲಿ ಜ್ವಾಲಾಮುಖಿ ವೀಕ್ಷಣಾಲಯ ಸ್ಥಾಪನೆಯಾಯಿತು. ಜ್ವಾಲಾಮುಖಿಗೇ ಮೀಸಲಾದ ವಸ್ತುಸಂಗ್ರಹಾಲಯವೂ ಅದೇ ಊರಲ್ಲಿದೆ. ಮೇಲೆ ಹೋಗುವ ಮುನ್ನ ಅದನ್ನು ನೋಡಿದರೆ ಕಾಲಡಿಯ ಕಲ್ಲುಗಳ ಕಥೆ ತಿಳಿಯುತ್ತದೆ.

ಅಲ್ಲಿಂದ ರಸ್ತೆ ಹುಲ್ಲುಗಾವಲು ದಾಟಿ, ಗಿಡಗಂಟಿ ಬೆಳೆಯದ ಕೆಂಪು ಬೂದಿಯ ಬಯಲು ಹಾದು ಪಾ ದ ಬೆಲ್‌ಕೋಂಬ್ ಎಂಬ ಅಂಚಿಗೆ ಮುಟ್ಟಿಸುತ್ತದೆ. ಐನೂರಕ್ಕೂ ಹೆಚ್ಚು ಮೆಟ್ಟಿಲು ಇಳಿದರೆ ಆಂಕ್ಲೋ ತಗ್ಗಿನ ನೆಲ. ಮುಂದೆ ದಾರಿಯೆಂಬುದಿಲ್ಲ, ಹೆಪ್ಪುಗಟ್ಟಿದ ಲಾವಾದ ಮೇಲೆ ಹಚ್ಚಿದ ಬಿಳಿ ಬಣ್ಣದ ಗುರುತುಗಳೇ ದಾರಿ. ಮೇಲಿನ ಕುಳಿಯ ಅಂಚು ನೋಡಿ ಮರಳಲು ಐದಾರು ತಾಸು ಬೇಕು. ಆ ಕುಳಿಯ ತಳ 2007ರ ಏಪ್ರಿಲ್‌ನಲ್ಲಿ ಕೆಲವೇ ದಿನಗಳಲ್ಲಿ 300 ಮೀಟರಿಗೂ ಆಳಕ್ಕೆ ಕುಸಿದಿತ್ತು. ನೆರಳು, ನೀರು ಎಲ್ಲೂ ಸಿಗುವುದಿಲ್ಲ. ಲಾವಾ ಉಕ್ಕುವ ಸೂಚನೆ ಸಿಕ್ಕೊಡನೆ ಕೆಳಗಿಳಿಯುವ ಬಾಗಿಲಿಗೆ ಬೀಗ ಬೀಳುತ್ತದೆ. ಆಗ ಅನುಮತಿ ಇರುವ ಕಡೆಗಳಿಂದಷ್ಟೇ, ದೂರ ನಿಂತು, ರಾತ್ರಿಯ ಕೆಂಪು ಹೊಳೆ ನೋಡಬೇಕು. ಕರಾವಳಿಯ ಹೆದ್ದಾರಿ ಹಳೆಯ ಲಾವಾ ಹರಿವುಗಳನ್ನು ಅಡ್ಡ ದಾಟಿ ಹೋಗುತ್ತದೆ. ಅಲ್ಲಿ ತಂಪಾದ ಲಾವಾ ಸುರಂಗಗಳೊಳಗೆ ಹೆಲ್ಮೆಟ್, ದೀಪದೊಂದಿಗೆ ಮಾರ್ಗದರ್ಶಕರು ಕರೆದೊಯ್ಯುತ್ತಾರೆ.

ಪಿತೋಂ ದೆ ನೇಜ್ ಮಾತ್ರ ಸಾವಿರಾರು ವರ್ಷಗಳಿಂದ ತಣ್ಣಗಿದೆ. ಅದರ ಮೈ ಕುಸಿದು, ಮಳೆ ಕೊರೆದು ಉಂಟಾದ ಮೂರು ಬೃಹತ್ ಬಟ್ಟಲುಗಳಿಗೆ ಸಿರ್ಕ್ ಎನ್ನುತ್ತಾರೆ. ಮಳೆ ಎಂದರೆ ಎಂಥ ಮಳೆ! 2007ರ ಗಾಮೀಡ್ ಚಂಡಮಾರುತದಲ್ಲಿ ಕೊಮ್ಮರ್ಸೋಂ ಕುಳಿಯ ಬಳಿ ಮೂರೇ ದಿನದಲ್ಲಿ 3,900 ಮಿ.ಮೀ.ಗೂ ಹೆಚ್ಚು ಸುರಿದದ್ದು ವಿಶ್ವದಾಖಲೆ. ಈ ಶಿಖರ, ಸಿರ್ಕ್ ಮತ್ತು ಕಡಿದಾದ ಗೋಡೆಗಳನ್ನು ಯುನೆಸ್ಕೊ 2010ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಮೂರು ಸಿರ್ಕ್‌ಗಳಲ್ಲಿ ಒಂದನ್ನೇ ಆರಿಸಬೇಕಾದರೆ ಅದು ಮಾಫಾತ್. ಅಲ್ಲಿಗೆ ರಸ್ತೆಯೇ ಇಲ್ಲ. ತೋಟಗಳ ಗುಲಾಮಗಿರಿಯಿಂದ ತಪ್ಪಿಸಿಕೊಂಡವರು ಮೊದಲು ಅಡಗಿದ ಈ ಕಣಿವೆಯಲ್ಲಿ ಇಂದೂ ನೂರಾರು ಜನ ಚದುರಿದ ಪುಟ್ಟ ಊರುಗಳಲ್ಲಿ ಬದುಕುತ್ತಾರೆ. ಅಕ್ಕಿ, ಗ್ಯಾಸ್ ಸಿಲಿಂಡರ್ ಹೆಲಿಕಾಪ್ಟರಿನಲ್ಲಿ ಬರುತ್ತವೆ. ಪಕ್ಕದ ಸಿರ್ಕ್ ಸಲಾಜಿಯ ಕಡೆಯಿಂದ ಹತ್ತಿ ಇಳಿದರೆ ಸುಮಾರು ಎರಡು ತಾಸಿಗೆ ಲಾ ನೂವೆಲ್ ಎಂಬ ಊರು ಸಿಗುತ್ತದೆ. ಝೀತ್ ಎಂಬ ಸರಳ ತಂಗುಮನೆಗಳಲ್ಲಿ ರಾತ್ರಿ ಊಟ, ಹಾಸಿಗೆ ದೊರೆಯುತ್ತದೆ. ನಡೆಯಲಾಗದವರಿಗೆ ಮೈಡೋ ಎಂಬ ಸುಮಾರು 2,200 ಮೀಟರ್ ಎತ್ತರದ ಅಂಚಿನವರೆಗೆ ಕಾರು ಹೋಗುತ್ತದೆ. ಅಲ್ಲಿಂದ ಇಡೀ ಕಣಿವೆ ಕಾಣುತ್ತದೆ. ಆದರೆ ಹತ್ತು ಗಂಟೆ ಹೊತ್ತಿಗೆ ಮೋಡ ಕವಿಯುವುದೇ ಹೆಚ್ಚು, ಬೆಳಗಿನ ಜಾವವೇ ಹೊರಡಬೇಕು.

ಇನ್ನೊಂದು ಸಿರ್ಕ್ ಸಿಲಾವೋಸ್‌ಗೆ ರಸ್ತೆಯಿದೆ, ನಾನೂರು ತಿರುವುಗಳ ರಸ್ತೆ ಎಂದೇ ಅದಕ್ಕೆ ಹೆಸರು. ಬಿಸಿನೀರಿನ ಸ್ನಾನಗೃಹ, ಹೆಸರುವಾಸಿ ಮಸೂರಬೇಳೆ, ಹಗ್ಗ ಹಿಡಿದು ಜಲಪಾತಗಳಲ್ಲಿ ಇಳಿಯುವ ಸಾಹಸ ಇಲ್ಲಿನ ವಿಶೇಷ. ಪಿತೋಂ ದೆ ನೇಜ್ ಹತ್ತುವವರು ಸಾಮಾನ್ಯವಾಗಿ ಇಲ್ಲಿಂದಲೇ ಹೊರಟು, 2,478 ಮೀಟರ್ ಎತ್ತರದ ತಂಗುದಾಣದಲ್ಲಿ ಮಲಗಿ, ನಸುಕಿನಲ್ಲಿ ಟಾರ್ಚ್ ಬೆಳಕಲ್ಲಿ ಶಿಖರ ತಲುಪಿ ಸೂರ್ಯೋದಯ ನೋಡುತ್ತಾರೆ. ಚಳಿಗಾಲದಲ್ಲಿ ಅಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಸಲಾಜಿ ಹಸಿರು, ಜಲಪಾತಗಳ ನಾಡು.

ಸಮುದ್ರದ ವಿಷಯದಲ್ಲಿ ಎಚ್ಚರ ಬೇಕು. 2011ರಿಂದ ಕೆಲವು ವರ್ಷ ಶಾರ್ಕ್ ದಾಳಿಗಳಲ್ಲಿ ಹಲವರು ಸತ್ತದ್ದರಿಂದ 2013ರಲ್ಲಿ ಹವಳದ ದಿಬ್ಬದ ಹೊರಗೆ ಈಜು ಮತ್ತು ಸರ್ಫಿಂಗ್‌ಗೆ ನಿಷೇಧ ಬಂತು; ಕಾವಲಿರುವ ಗೊತ್ತಾದ ಜಾಗಗಳಿಗಷ್ಟೇ ವಿನಾಯಿತಿ. ಪಶ್ಚಿಮ ತೀರದ ಲಗೂನ್‌ಗಳ ಆಳವಿಲ್ಲದ ನೀರಿನಲ್ಲಿ ಮುಖವಾಡ ತೊಟ್ಟು ಹವಳ, ಮೀನು ನೋಡಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಬರುತ್ತವೆ. ಸಾಂ ಲೋ ಊರಿನ ಮೇಲಿನ ಗುಡ್ಡದಿಂದ ಪ್ಯಾರಾಗ್ಲೈಡಿಂಗ್ ನಡೆಯುತ್ತದೆ. ಅನುಭವಿ ಚಾಲಕರ ಜೊತೆ ಹಾರಿ ಲಗೂನ್ ಪಕ್ಕ ಇಳಿಯುವುದು ಹೊಸಬರಿಗೂ ಸಾಧ್ಯ.

ಪೂರ್ವ ಕರಾವಳಿಯ ವೆನಿಲ್ಲಾ ತೋಟಗಳನ್ನು ಕನ್ನಡಿಗರು ಬಿಡಬಾರದು. 1841ರಲ್ಲಿ ಎದ್‌ಮೋಂ ಆಲ್ಬಿಯುಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ಕಡ್ಡಿ, ಹೆಬ್ಬೆರಳು ಬಳಸಿ ವೆನಿಲ್ಲಾ ಹೂವಿಗೆ ಪರಾಗಸ್ಪರ್ಶ ಮಾಡುವ ವಿಧಾನ ಕಂಡುಕೊಂಡದ್ದು ಇದೇ ದ್ವೀಪದಲ್ಲಿ. ಮಲೆನಾಡಿನ ವೆನಿಲ್ಲಾ ಬೆಳೆಗಾರರು ಅನುಸರಿಸಿದ್ದೂ ಅದೇ ವಿಧಾನ. ಗುಲಾಮಗಿರಿ 1848ರಲ್ಲಿ ರದ್ದಾದ ಮೇಲೆ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಬಂದವರಲ್ಲಿ ತಮಿಳರೇ ಹೆಚ್ಚು. ಅವರ ಗುಡಿಗಳು ಸಾಂತಾಂದ್ರೆ ಸುತ್ತಮುತ್ತ ಕಾಣಸಿಗುತ್ತವೆ. ಬೀದಿಬದಿಯಲ್ಲಿ ಮಾರುವ ಬೋಂಬೋಂ ಪಿಮಾಂ, ರುಚಿಯಲ್ಲೂ ರೂಪದಲ್ಲೂ ನಮ್ಮ ಅಂಬೊಡೆಯ ನೆಂಟ.

ಹೋಗಲು ಮೇಯಿಂದ ನವೆಂಬರ್‌ವರೆಗಿನ ಒಣ ತಿಂಗಳುಗಳು ಒಳ್ಳೆಯವು. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಭಯ. ಮಾರಿಷಸ್‌ನಿಂದ ವಿಮಾನದಲ್ಲಿ ಮುಕ್ಕಾಲು ಗಂಟೆಯ ದಾರಿ. ದ್ವೀಪ ಷೆಂಗೆನ್ ವಲಯಕ್ಕೆ ಸೇರಿಲ್ಲದ ಕಾರಣ ವೀಸಾ ವಿಚಾರವನ್ನು ಫ್ರೆಂಚ್ ದೂತಾವಾಸದಲ್ಲಿ ಮೊದಲೇ ಖಚಿತಪಡಿಸಿಕೊಳ್ಳಬೇಕು. ಅಕ್ಟೋಬರ್‌ನಲ್ಲಿ ದ್ವೀಪವನ್ನು ಅಡ್ಡಲಾಗಿ ದಾಟುವ ಪ್ರಸಿದ್ಧ ಬೆಟ್ಟದ ಓಟ ನಡೆಯುತ್ತದೆ. ಆ ದಿನಗಳಲ್ಲಿ ಬೆಟ್ಟದ ತಂಗುಮನೆಗಳಲ್ಲಿ ಜಾಗ ಸಿಗುವುದು ಕಷ್ಟ, ಬಹಳ ಮುಂಚೆಯೇ ಕಾದಿರಿಸಿ.