ಗಡಿ ದಾಟದ ಪರದೇಶದಲ್ಲಿ ಇಂಗ್ಲಿಷ್ ಪಾಠ

ಉಪಾಧ್ಯಾಯ ವೃತ್ತಿಯನ್ನು ನಂಬಿ ಪರದೇಶಕ್ಕೆ ಹೋಗುವುದು ನಮ್ಮ ದೇಶದವರಿಗೆ ಹೊಸದೇನೂ ಅಲ್ಲ. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದ ಇಥಿಯೋಪಿಯದಲ್ಲಿ ಭಾರತದ ನೂರಾರು ಮಂದಿ ಉಪಾಧ್ಯಾಯರು ಊರೂರಿನ ಶಾಲೆಗಳಲ್ಲಿ ಪಾಠ ಹೇಳಿದರು. ಭೂತಾನದ ಬೆಟ್ಟದ ಶಾಲೆಗಳಿಗೂ 1960ರ ದಶಕದಿಂದ ನಮ್ಮವರು ಹೋದರು. ಆದರೆ ಮೈಸೂರು ಜಿಲ್ಲೆಯ ಪದವೀಧರನಿಗೆ ಅಂಥ ಅನುಭವ ಬೇಕೆಂದರೆ ಹಡಗೂ ಬೇಡ, ವಿಮಾನವೂ ಬೇಡ. ಹುಣಸೂರು, ಪಿರಿಯಾಪಟ್ಟಣಗಳನ್ನು ದಾಟಿ ಮಡಿಕೇರಿಯ ರಸ್ತೆಯಲ್ಲಿ ಸಾಗಿ, ಕುಶಾಲನಗರಕ್ಕೆ ಸ್ವಲ್ಪ ಮೊದಲೇ ಬೈಲುಕುಪ್ಪೆಯಲ್ಲಿ ಬಸ್ಸಿಳಿದರೆ ಸಾಕು. ವಿದೇಶೀಯರು ಅಲ್ಲಿ ತಂಗಬೇಕಾದರೆ ಸರ್ಕಾರದ ಅನುಮತಿ ಪತ್ರ ಬೇಕು. ನಮಗೆ ಅದೂ ಬೇಡ.

ಈ ಕಾಲೇಜಿಗೆ ಬರುವುದಕ್ಕೆ ಮೊದಲು ನಾನು ಅಲ್ಲಿನ ಒಂದು ಶಾಲೆಯಲ್ಲಿ ಎರಡು ವರ್ಷ, ಆಮೇಲೆ ಹೆಗ್ಗಡದೇವನಕೋಟೆಯ ಕಾಡಂಚಿನ ಒಂದು ಶಾಲೆಯಲ್ಲಿ ಒಂದು ವರ್ಷ ಇಂಗ್ಲಿಷ್ ಪಾಠ ಹೇಳಿದ್ದೇನೆ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ನಾಳೆ ಉಪಾಧ್ಯಾಯರಾಗುವವರು. ಅವರಿಗೆ ಉಪಯೋಗವಾದೀತೆಂದು ಕಂಡ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಆ ಊರಿನ ಹಿನ್ನೆಲೆ. 1959ರಲ್ಲಿ ದಲೈಲಾಮಾ ಅವರು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಟಿಬೆಟನ್ನರು ಬಂದರು. ಅಂದಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಕಾಡು ಭೂಮಿಯನ್ನು ಅವರಿಗೆ ಬಿಟ್ಟುಕೊಟ್ಟಿತು. 1960–61ರಲ್ಲಿ ಅಲ್ಲಿ ಮೊದಲ ವಸಾಹತು ನೆಲೆಗೊಂಡಿತು. 1969ರಲ್ಲಿ ಅದರ ಪಕ್ಕದಲ್ಲೇ ಎರಡನೆಯದು, 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಇನ್ನೊಂದು ಹುಟ್ಟಿಕೊಂಡವು. ಲಾಸಾ ನಗರ ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರದಲ್ಲಿದೆ. ಅಂಥ ಶೀತಲ ಪ್ರಸ್ಥಭೂಮಿಯ ಜನ ನಮ್ಮ ಬಿಸಿಲಿನಲ್ಲಿ ಕಾಡು ಕಡಿದು, ಬಾರ್ಲಿಯನ್ನು ಮರೆತು, ಮುಸುಕಿನ ಜೋಳ ಬೆಳೆದರು. ಅವರ ಮಕ್ಕಳಿಗೆಂದು ಕೇಂದ್ರ ಸರ್ಕಾರ 1961ರಲ್ಲಿ ಟಿಬೆಟನ್ ಶಾಲೆಗಳ ಆಡಳಿತ ಸಂಸ್ಥೆಯನ್ನು ಸ್ಥಾಪಿಸಿತು. ಆ ಶಾಲೆಗಳಲ್ಲಿ ಟಿಬೆಟನ್ ಉಪಾಧ್ಯಾಯರೊಡನೆ ಭಾರತೀಯ ಉಪಾಧ್ಯಾಯರೂ ದುಡಿದರು. 2013ರಿಂದೀಚೆಗೆ ಈ ಶಾಲೆಗಳು ಹಂತಹಂತವಾಗಿ ಸಂಭೋಟ ಟಿಬೆಟನ್ ಶಾಲಾ ಸಂಘದ ಕೈಗೆ ಬಂದಿವೆ.

ಹೊಸ ಉಪಾಧ್ಯಾಯನಿಗೆ ಮೊದಲು ಎದುರಾಗುವುದು ಹೆಸರಿನ ಸಮಸ್ಯೆ. ದಲೈಲಾಮಾ ಅವರ ಹೆಸರು ತೆನ್ಜಿನ್ ಗ್ಯಾತ್ಸೊ. ಆದ್ದರಿಂದ ಅಸಂಖ್ಯ ಮಕ್ಕಳಿಗೆ, ಗಂಡಿರಲಿ ಹೆಣ್ಣಿರಲಿ, ತೆನ್ಜಿನ್ ಎಂದೇ ಹೆಸರು. ಹಾಜರಿ ಕೂಗುವಾಗ ಬರೀ ಮೊದಲ ಹೆಸರು ಹಿಡಿದರೆ ಅರ್ಧ ತರಗತಿ ಓಗೊಡುತ್ತದೆ. ಎರಡನೆಯ ಹೆಸರನ್ನು ಕಂಠಪಾಠ ಮಾಡದೆ ವಿಧಿಯಿಲ್ಲ. ಉಪಾಧ್ಯಾಯರನ್ನು ಅವರು ‘ಗೆನ್ ಲಾ’ ಎನ್ನುತ್ತಾರೆ. ‘ಲಾ’ ಎಂಬುದು ಗೌರವಸೂಚಕ. ನಾವು ಹೆಸರಿನ ಮುಂದೆ ‘ಅವರು’ ಸೇರಿಸಿದಂತೆ. ಉಪ್ಪು, ಬೆಣ್ಣೆ ಹಾಕಿದ ಚಹಾ ಮೊದಲ ಗುಟುಕಿಗೆ ನಮ್ಮ ನಾಲಿಗೆಗೆ ಒಗ್ಗುವುದಿಲ್ಲ. ಅದನ್ನು ಚಹಾ ಎಂದು ಭಾವಿಸದೆ ಸಾರು ಎಂದು ಭಾವಿಸಿ ಕುಡಿದರೆ ವಾರದಲ್ಲಿ ರುಚಿ ಹತ್ತುತ್ತದೆ. ಲೋಟ ಬರಿದಾದಂತೆಲ್ಲ ಮತ್ತೆ ತುಂಬುತ್ತಾರೆ. ಬೇಡವಾದರೆ ಪೂರ್ತಿ ಮುಗಿಸದೆ ಇಡುವುದೇ ಉಪಾಯ. ಬರೆದ ಹಾಳೆಯನ್ನು ತುಳಿಯಬಾರದು, ಪುಸ್ತಕವನ್ನು ನೆಲದ ಮೇಲಿಡಬಾರದು ಎಂಬುದು ಅವರಲ್ಲಿಯೂ ಉಂಟು. ಆ ಒಂದು ವಿಷಯದಲ್ಲಿ ನಾವು ಏನನ್ನೂ ಹೊಸದಾಗಿ ಕಲಿಯಬೇಕಾಗಿಲ್ಲ.

ಇನ್ನು ಪಾಠದ ವಿಚಾರ. ಕನ್ನಡ ಬಲ್ಲವನಿಗೆ ಇಲ್ಲಿ ಒಂದು ಅನುಕೂಲವಿದೆ. ಟಿಬೆಟನ್ ಲಿಪಿಯನ್ನು ಏಳನೆಯ ಶತಮಾನದಲ್ಲಿ ಭಾರತಕ್ಕೆ ಬಂದು ಕಲಿತುಹೋದ ಥೋನ್ಮಿ ಸಂಭೋಟ ರಚಿಸಿದನೆಂದು ಅವರ ಸಂಪ್ರದಾಯ ಹೇಳುತ್ತದೆ. ಮೂವತ್ತು ವ್ಯಂಜನಗಳು ‘ಕ, ಖ, ಗ, ಙ’ ಎಂದೇ ಮೊದಲಾಗುತ್ತವೆ. ನಮ್ಮಲ್ಲಿರುವ ‘ಘ, ಝ, ಧ, ಭ’ಗಳಂಥ ಅಕ್ಷರಗಳು ಇಲ್ಲ. ನಾವು ವರ್ಣಮಾಲೆಯಲ್ಲಿ ಕಲಿತು ಮತ್ತೆ ಬಳಸದೆ ಬಿಡುವ ‘ಙ’ ಅಕ್ಷರ ಅವರಲ್ಲಿ ‘ನಾನು’ ಎಂಬ ಶಬ್ದವೇ ಆಗಿದೆ! ವಾಕ್ಯರಚನೆಯಲ್ಲಿಯೂ ನಂಟಸ್ತಿಕೆಯುಂಟು. ಕನ್ನಡದಂತೆ ಟಿಬೆಟನ್ನಿನಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಆದ್ದರಿಂದ ‘ಐ ಸ್ಕೂಲ್ ಗೋ’ ಎನ್ನುವ ಮಗು ಕೃಷ್ಣರಾಜನಗರದ್ದಾಗಲಿ ಬೈಲುಕುಪ್ಪೆಯದಾಗಲಿ, ದಡ್ಡ ಮಗುವಲ್ಲ. ತನ್ನ ಮನೆಮಾತಿನ ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿರುವ ಮಗು. ಇದನ್ನು ತಿಳಿದ ಉಪಾಧ್ಯಾಯ ಗದರುವುದಿಲ್ಲ. ಎರಡೂ ಭಾಷೆಗಳ ವಾಕ್ಯವನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದು, ಕ್ರಿಯಾಪದ ಎಲ್ಲಿಂದ ಎಲ್ಲಿಗೆ ಸರಿಯಿತೆಂದು ತೋರಿಸುತ್ತಾನೆ.

ಒಂದು ಕಡೆ ಮಾತ್ರ ಟಿಬೆಟನ್ ಮಕ್ಕಳು ನಮ್ಮವರಿಗಿಂತ ಮುಂದು. ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಇಂಗ್ಲಿಷಿನ ಉಚ್ಚಾರವಿಲ್ಲದ ಅಕ್ಷರಗಳು ನಮ್ಮ ಮಕ್ಕಳಿಗೆ ಮೋಸವೆಂದೇ ತೋರುತ್ತವೆ. ಟಿಬೆಟನ್ನಿನಲ್ಲಿ ‘ಎಂಟು’ ಎಂಬ ಶಬ್ದಕ್ಕೆ ಬ, ರ, ಗ, ಯ, ದ ಎಂದು ಐದು ವ್ಯಂಜನ ಬರೆದು ‘ಗ್ಯೆ’ ಎಂದಷ್ಟೇ ಓದುತ್ತಾರೆ. ಇಂಗ್ಲಿಷಿನ ‘ಏಟ್’ ಶಬ್ದದ ನಡುವೆಯೂ ಎರಡು ಅಕ್ಷರ ಸುಮ್ಮನೆ ಕುಳಿತಿವೆಯಷ್ಟೆ. ಅದನ್ನು ಕಂಡು ಅಲ್ಲಿನ ಮಕ್ಕಳಿಗೆ ಆಶ್ಚರ್ಯವೇ ಆಗಲಿಲ್ಲ.

ಆದರೆ ಈ ಸ್ವಾರಸ್ಯಗಳ ಹಿಂದೆ ಗಂಭೀರವಾದ ಪ್ರಶ್ನೆಯೊಂದಿದೆ. ಚಳಿಗಾಲದಲ್ಲಿ ಅನೇಕ ತಂದೆತಾಯಿಗಳು ದೂರದ ನಗರಗಳಿಗೆ ಸ್ವೆಟರ್ ಮಾರಲು ಹೋಗುತ್ತಾರೆ. ಮಕ್ಕಳು ಅಜ್ಜಅಜ್ಜಿಯರ ಬಳಿಯೋ ವಿದ್ಯಾರ್ಥಿನಿಲಯದಲ್ಲೋ ಉಳಿಯುತ್ತಾರೆ. ದೊಡ್ಡವರಾದ ಮೇಲೆ ಅವರಲ್ಲಿ ಬಹಳ ಮಂದಿ ಯೂರೋಪು, ಅಮೆರಿಕಗಳಿಗೆ ಹೊರಡುತ್ತಾರೆ. ವಸಾಹತುಗಳಲ್ಲಿ ಶಾಲಾಮಕ್ಕಳ ಸಂಖ್ಯೆ ಇಳಿಯುತ್ತ ಬಂದಿದೆ. ಒಮ್ಮೆ ಅಜ್ಜಿಯೊಬ್ಬರು ಸಂತೆಯಲ್ಲಿ ಕಲಿತ ಕನ್ನಡದಲ್ಲಿ ನನ್ನನ್ನು ಕೇಳಿದರು: “ನೀವು ಚೆನ್ನಾಗಿ ಇಂಗ್ಲಿಷ್ ಕಲಿಸ್ತೀರಿ ಮೇಷ್ಟ್ರೇ. ಇವನು ಹೋಗ್ತಾನೆ. ಆಮೇಲೆ ನನ್ನ ಹತ್ತಿರ ಯಾವ ಮಾತು ಆಡ್ತಾನೆ?” ನಾನು ಕಲಿಸುತ್ತಿದ್ದುದು ಒಂದು ಭಾಷೆಯನ್ನೋ, ಊರು ಬಿಡುವ ದಾರಿಯನ್ನೋ ಎಂದು ಅಂದಿನಿಂದ ಯೋಚಿಸಿದ್ದೇನೆ.

ಟಿಬೆಟನ್ ಸಮಾಜ ಈ ಪ್ರಶ್ನೆಗೆ ಒಂದು ಉತ್ತರ ಹುಡುಕಿಕೊಂಡಿತು. ಮೊದಲು ಅವರ ಶಾಲೆಗಳಲ್ಲಿ ಎಳೆಯ ತರಗತಿಗಳಿಂದಲೇ ಇಂಗ್ಲಿಷ್ ಮಾಧ್ಯಮವಿತ್ತು. 1980ರ ದಶಕದಿಂದೀಚೆಗೆ ಪ್ರಾಥಮಿಕ ತರಗತಿಗಳನ್ನು ಟಿಬೆಟನ್ ಮಾಧ್ಯಮಕ್ಕೆ ತಂದು, ಪಠ್ಯಪುಸ್ತಕಗಳನ್ನೂ ತಾವೇ ಸಿದ್ಧಮಾಡಿದರು. ಇಂಗ್ಲಿಷನ್ನು ಬಿಡಲಿಲ್ಲ, ಅದಕ್ಕೆ ಒಂದು ತಳಪಾಯ ಹಾಕಿದರು. ಟಿಬೆಟನ್ನಿನಲ್ಲಿ ಒಂದು ಕಥೆಯನ್ನು ಅಂದವಾಗಿ ಹೇಳಬಲ್ಲ ಹುಡುಗನೇ ಇಂಗ್ಲಿಷಿನಲ್ಲೂ ಒಳ್ಳೆಯ ಪ್ರಬಂಧ ಬರೆಯುತ್ತಿದ್ದುದನ್ನು ನನ್ನ ತರಗತಿಯಲ್ಲಿ ಮತ್ತೆ ಮತ್ತೆ ಕಂಡೆ.

ನಮ್ಮ ಕಡೆಗೆ ತಿರುಗಿ ನೋಡೋಣ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿದೆ. 2019–20ರಲ್ಲಿ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳೂ ತೆರೆದವು. ಬಡವರ ಮಕ್ಕಳಿಗೆ ಈ ಬಾಗಿಲು ತೆರೆಯಬೇಕಾದುದೇ ಸರಿ. ಆದರೆ ಹೆಗ್ಗಡದೇವನಕೋಟೆಯ ಹಾಡಿಯ ಜೇನುಕುರುಬರ ಮಗುವಿಗೆ ಶಾಲೆಯ ಕನ್ನಡವೇ ಎರಡನೆಯ ಭಾಷೆ, ಇಂಗ್ಲಿಷು ಮೂರನೆಯದು. ಅದರ ಮನೆಮಾತಿಗೆ ತರಗತಿಯಲ್ಲಿ ಜಾಗವೇ ಇಲ್ಲ. ಅಲ್ಲಿ ನಾನು ಮೊದಲ ತಿಂಗಳು ಮಕ್ಕಳಿಂದಲೇ ಮರ, ಹಕ್ಕಿ, ಗೆಡ್ಡೆಗಳ ಹೆಸರು ಕೇಳಿ ಬರೆದುಕೊಂಡೆ. ಮೇಷ್ಟರೇ ಶಿಷ್ಯರಾದುದನ್ನು ಕಂಡು ಹಿಂದಿನ ಸಾಲಿನವರೂ ಬಾಯಿಬಿಟ್ಟರು. ಬಾಯಿ ತೆರೆದ ಮೇಲೆ ಇಂಗ್ಲಿಷ್ ಶಬ್ದ ಒಳಗೆ ಹೋಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಆದ್ದರಿಂದ ಮುಂದೆ ಇಂಥ ಶಾಲೆಗಳಿಗೆ ಹೋಗುವ ಮಿತ್ರರಿಗೆ ನನ್ನ ಸೂಚನೆ ಇಷ್ಟೆ: ಹೋದ ಊರಿನ ಮಾತಿನಲ್ಲಿ ಐವತ್ತು ಶಬ್ದಗಳನ್ನು ಮೊದಲು ಕಲಿಯಿರಿ. ಮಕ್ಕಳ ತಪ್ಪಿನಲ್ಲಿ ಅವರ ಭಾಷೆಯ ವ್ಯಾಕರಣವನ್ನು ಹುಡುಕಿರಿ. ವಾರಕ್ಕೊಂದು ದಿನ ಅವರ ಮನೆಮಾತಿನ ಕಥೆ ಹೇಳಿಸಿ, ಅದನ್ನೇ ಮರುದಿನ ಇಂಗ್ಲಿಷಿನಲ್ಲಿ ಕಟ್ಟಿಸಿರಿ. ಹೀಗೆ ಕಲಿತ ಹುಡುಗ ಎಷ್ಟು ದೂರ ಹೋದರೂ ತನ್ನ ಅಜ್ಜಿಯೊಡನೆ ಆಡಲು ಮಾತು ಉಳಿಸಿಕೊಂಡಿರುತ್ತಾನೆ.